ಮರುದನಿಯ ದ್ರವ್ಯ

ಎಲೆಕ್ಟ್ರಿಕ್ ಗಿಟಾರಿನ ಸ್ವರವನ್ನು ತುಸು ತಡೆಹಿಡಿದು ಮತ್ತೆ ಮತ್ತೆ ಕೇಳಿಸುವ ಟೇಪ್ ಮಾದರಿಯ ಡಿಲೇ ಪೆಡಲ್, ಅದು ಬೆಂಗಳೂರಿನ ತಣಿಸಂದ್ರದ ಅಪಾರ್ಟ್‌ಮೆಂಟಿನ ಕೋಣೆಯಲ್ಲಿ ನುಡಿದರೂ, ಭಾರತೀಯ ದರ್ಶನಗಳ ಹಳೆಯ ಪ್ರಶ್ನೆಯೊಂದನ್ನು ಎತ್ತುತ್ತದೆ: ಮರಳಿ ಕೇಳಿಸುವುದು ಮೊದಲಿನ ಶಬ್ದವೇ, ಬೇರೆಯದೇ? ರೋಲ್ಯಾಂಡ್ ಸಂಸ್ಥೆ 1974ರಲ್ಲಿ ಹೊರತಂದ ಆರ್‌ಇ-201 ಸ್ಪೇಸ್ ಎಕೋ ಯಂತ್ರದಲ್ಲಿ ಕಾಂತೀಯ ಟೇಪು ಸ್ವರವನ್ನು ದಾಖಲಿಸುವ ಒಂದು ಹೆಡ್ಡನ್ನು ದಾಟಿ, ಅದನ್ನು ಓದುವ ಮೂರು ಹೆಡ್ಡುಗಳ ಮುಂದೆ ಸಾಗುತ್ತಿತ್ತು. ಓದಿದ್ದನ್ನೇ ಮತ್ತೆ ದಾಖಲೆಗೆ ಒಪ್ಪಿಸುವ ಫೀಡ್‌ಬ್ಯಾಕಿನಿಂದ ಪ್ರತಿ ಸುತ್ತಿನಲ್ಲೂ ಸ್ವರದ ಹೊಳಪು ಕಳೆಯುತ್ತಿತ್ತು, ಟೇಪಿನ ವೇಗದ ಏರುಪೇರಿನಿಂದ ಶ್ರುತಿ ಅಲುಗುತ್ತಿತ್ತು. ಇಂದಿನ ಡಿಜಿಟಲ್ ಪೆಡಲುಗಳು ಈ ಸವಕಳಿಯನ್ನೇ ಗಣಿತದಿಂದ ಅನುಕರಿಸುತ್ತವೆ.

ಮರಳಿ ಕೇಳಿಸುವುದು ಮೊದಲಿನದೇ ಎಂಬ ಆ ಪ್ರಶ್ನೆಗೆ ದರ್ಶನಗಳ ಉತ್ತರ ಒಂದೇ ಅಲ್ಲ. ಹದಿಮೂರನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದಕ್ಕೊಂದು ದ್ರವ್ಯವುಂಟೆಂದು ಹೇಳಿ, ಅದರ ಬಣ್ಣ ಬಿಳಿಯೆಂದೂ ಸೂಚಿಸಿದ್ದಾನೆ. ಇದರ ಹಿಂದಿರುವುದು, ಶಬ್ದವು ಪುದ್ಗಲದ, ಎಂದರೆ ಜಡದ್ರವ್ಯದ, ಒಂದು ಪರ್ಯಾಯ ಅಥವಾ ಅವಸ್ಥೆಯೆಂದೂ ಅವಸ್ಥೆಗಳು ಅಳಿದರೂ ದ್ರವ್ಯ ಉಳಿಯುತ್ತದೆಂದೂ ಹೇಳುವ ಜೈನ ತತ್ತ್ವ. ಬಹಳ ಸೊಗಸಾದ ನೋಟವಿದು. ನ್ಯಾಯದರ್ಶನದವರಾದ ನೈಯಾಯಿಕರಾದರೋ ಶಬ್ದವನ್ನು ಕ್ಷಣಿಕವೆಂದು ತಿಳಿದು, ಅಲೆಯಿಂದ ಅಲೆ ಹುಟ್ಟುವಂತೆ ಒಂದು ಶಬ್ದ ಅಳಿಯುವಾಗ ತನ್ನಂಥ ಇನ್ನೊಂದನ್ನು ಹುಟ್ಟಿಸುತ್ತದೆ ಎನ್ನುತ್ತಾರೆ. ಇದಕ್ಕೆ ವೀಚೀತರಂಗನ್ಯಾಯವೆಂದು ಹೆಸರು. ತಂತಿಯಿಂದ ಟೇಪಿಗೆ ದಾಟುವುದು ಕಂಪನದ ವಿನ್ಯಾಸವೇ ಹೊರತು ಯಾವ ದ್ರವ್ಯವೂ ಅಲ್ಲವಾದ್ದರಿಂದ, ಮತ್ತು ಪ್ರತಿ ಮರುದನಿಯೂ ಹಿಂದಿನದರಿಂದಲೇ ಹುಟ್ಟಿ ಅದಕ್ಕಿಂತ ಮಸುಕಾಗುವುದರಿಂದ, ಈ ಪ್ರಶ್ನೆಯಲ್ಲಿ ನೈಯಾಯಿಕರ ನಿಲುವೇ ಹೆಚ್ಚು ಗಟ್ಟಿಯಾದದ್ದು.