ವೇದನೆ, ಔಷಧ ಮತ್ತು ಪರೀಷಹ

ರಸ್ತೆ ಅಪಘಾತದಲ್ಲಿ ತೊಡೆಯ ಮೂಳೆ ಮುರಿದ ವ್ರತಿಕ ಶ್ರಾವಕರೊಬ್ಬರನ್ನು ಮೈಸೂರಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗಕ್ಕೆ ತಂದಿದ್ದಾರೆನ್ನಿ. ವೈದ್ಯರು ಫೆಂಟನಿಲ್ ಕೊಡಲು ಮುಂದಾಗುತ್ತಾರೆ. ಅದು ಅಫೀಮಿನ ಬಳಗದ್ದಲ್ಲವೇ, ಮದ್ಯತ್ಯಾಗ ಮಾಡಿದವರಿಗೆ ಸಲ್ಲುವುದೇ ಎಂದು ಮನೆಯ ಹಿರಿಯರು ಕೇಳುತ್ತಾರೆ. ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಉಚಿತವಲ್ಲ.

ಫೆಂಟನಿಲ್ ಗಸಗಸೆ ಗಿಡದ ಹಾಲಿನಿಂದ ಬಂದುದಲ್ಲ; 1960ರ ಸುಮಾರಿಗೆ ಬೆಲ್ಜಿಯಂನ ಪಾಲ್ ಯಾನ್ಸೆನ್ ಅವರ ಪ್ರಯೋಗಾಲಯದಲ್ಲಿ ರೂಪುಗೊಂಡ ರಾಸಾಯನಿಕ. ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಪ್ರಬಲವಾದುದರಿಂದ ಅದನ್ನು ಮೈಕ್ರೋಗ್ರಾಂಗಳಲ್ಲಿ ಅಳೆಯುತ್ತಾರೆ. ರಕ್ತನಾಳಕ್ಕೆ ಕೊಟ್ಟ ಕೆಲವೇ ನಿಮಿಷಗಳಲ್ಲಿ ನೋವು ತಗ್ಗುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಪರಿಣಾಮ ಇಳಿಯುತ್ತದೆ. ಪ್ರಮಾಣ ಮೀರಿದರೆ ಉಸಿರಾಟವೇ ಕುಗ್ಗುವುದು. ಆದುದರಿಂದ ನಿಗಾ ಬೇಕು, ನಲಾಕ್ಸೋನ್ ಕೈಗೆಟುಕುವಂತಿರಬೇಕು. ಅಮೆರಿಕದಲ್ಲಿ ಕಳ್ಳದಾರಿಯ ಫೆಂಟನಿಲ್ ಅಪಾರ ಜೀವಹಾನಿ ಮಾಡಿದೆ. ಭಾರತದಲ್ಲಾದರೋ ಇದಕ್ಕೆ ವಿರುದ್ಧವಾದ ಕಷ್ಟ: 1985ರ ಮಾದಕವಸ್ತು ಕಾಯಿದೆಗೆ ಅಂಜಿ ಎಷ್ಟೋ ಆಸ್ಪತ್ರೆಗಳು ಇಂತಹ ಔಷಧಗಳನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು.

ಮದ್ಯತ್ಯಾಗದ ಉದ್ದೇಶ ಪ್ರಮಾದದ ನಿವಾರಣೆ. ಸುಖಕ್ಕಾಗಿ ಮೈಮರೆಯುವುದೂ, ಮುರಿದ ಮೂಳೆಯನ್ನು ಕೂಡಿಸುವಾಗ ಚೀರಾಟ ತಪ್ಪಿಸುವುದೂ ಒಂದೇ ಅಲ್ಲ. ತತ್ತ್ವಾರ್ಥಸೂತ್ರವು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ವೇದನಾಜನ್ಯವಾದುದನ್ನೂ ಎಣಿಸಿದೆ. ಸಹಿಸಲಸಾಧ್ಯವಾದ ನೋವಿನಲ್ಲಿರುವವರಿಗೆ ಣಮೋಕಾರವೂ ನೆನಪಿಗೆ ಬಾರದಿರಬಹುದು. ಆ ನೋವು ತಗ್ಗಿದಾಗಲೇ ಚಿತ್ತ ಸ್ಥಿರವಾದೀತು.

22 ಪರೀಷಹಗಳಲ್ಲಿ ರೋಗವೂ ಒಂದಲ್ಲವೇ ಎಂಬ ಆಕ್ಷೇಪ ತೂಕವುಳ್ಳದ್ದು. ಆದರೆ ಪರೀಷಹಜಯವು ಸಹಿಸುವವರ ಸಂಕಲ್ಪ. ಬಂಧುಗಳು ಪರರ ದೇಹದ ಮೇಲೆ ಹೇರುವ ತಪಸ್ಸಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳು ಸ್ಮರಿಸುವ ಸಲ್ಲೇಖನವೂ ಸ್ವಇಚ್ಛೆಯಿಂದ, ಸಿದ್ಧತೆಯಿಂದ ಕೈಗೊಂಡ ವ್ರತ. ಕ್ಷಣಾರ್ಧದಲ್ಲಿ ರಸ್ತೆಯಲ್ಲಿ ಬಂದೆರಗಿದ ನೋವನ್ನು ಅದರ ಸಾಲಿಗೆ ಸೇರಿಸಲಾಗದು. ಗಾಯಗೊಂಡದ್ದು ಮಗುವಾದರಂತೂ ನೋವನ್ನು ಸಹಿಸಲೆನ್ನುವ ಅಧಿಕಾರ ತಂದೆತಾಯಿಗಳಿಗೂ ಇಲ್ಲ.

ಪ್ರಜ್ಞೆಯುಳ್ಳ ಗಾಯಾಳುವೇ ಬೇಡವೆಂದರೆ? ಅವರ ಮಾತೇ ಪ್ರಮಾಣ. ಆಗಲೂ ವೈದ್ಯರಲ್ಲಿ ಬೇರೊಂದು ದಾರಿಯುಂಟು: ತೊಡೆಯ ನರದ ಬಳಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರೆ ಕಾಲಿನ ನೋವು ಬಹುಮಟ್ಟಿಗೆ ಅಡಗುತ್ತದೆ, ಬುದ್ಧಿಗೆ ಮಂಕು ಕವಿಯುವುದಿಲ್ಲ. ವ್ರತಿಕರು ತಮ್ಮ ಇಚ್ಛೆಯನ್ನು ಆರೋಗ್ಯವಾಗಿರುವಾಗಲೇ ಮನೆಯವರಿಗೆ ತಿಳಿಸಿಟ್ಟರೆ, ಆಸ್ಪತ್ರೆಯ ಬಾಗಿಲಲ್ಲಿ ಮಕ್ಕಳು ತಂದೆಯ ಮನಸ್ಸನ್ನು ಊಹಿಸುತ್ತ ನಿಲ್ಲಬೇಕಾಗುವುದಿಲ್ಲ.