ಹೊಸ ಕಾರೂ ಅದರೊಳಗಿನ ಸಂಗೀತಯಂತ್ರವೂ

ಹೊಸದಾಗಿ ಕಾರು ಕೊಂಡವನಿಗೆ ಒಂದೆರಡು ವಾರಗಳೊಳಗೆ ಒಂದು ಪ್ರಶ್ನೆ ಎದುರಾಗುವದುಂಟು. ಇಂಜಿನು ಚೆನ್ನಾಗಿದೆ, ಆಸನಗಳು ಮೆತ್ತಗಿವೆ, ಗಾಡಿ ಸರಾಗವಾಗಿ ಓಡುತ್ತದೆ. ಆದರೆ ಒಳಗಿನ ಸಂಗೀತಯಂತ್ರ ಮಾತ್ರ ಸಾಧಾರಣವಾದದ್ದೆಂದು ಯಾರೋ ಒಬ್ಬರು ಹೇಳುತ್ತಾರೆ. ಬೇರೆ ಸ್ಪೀಕರುಗಳನ್ನು ಹಾಕಿಸಿದರೆ ಸ್ವರವು ಎಷ್ಟೋ ಇಂಪಾಗುವದು, ಹಣವೂ ಬಹಳ ಬೇಡ ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ಇಷ್ಟು ಅಲ್ಪವಾದ ಸಂಗತಿಗೆ ಪ್ರಬಂಧವೇಕೆ ಎಂದು ವಾಚಕರು ಕೇಳಬಹುದು. ಅಲ್ಪವಾದದ್ದೇ ಸರಿ. ಆದರೂ ಸಾಕು ಎಂಬದು ಎಲ್ಲಿ ನಿಲ್ಲಬೇಕು, ನಮ್ಮ ಆಶೆಗಳಲ್ಲಿ ಯಾವದು ನಮ್ಮದು, ಯಾವದು ಪರರು ನಮ್ಮಲ್ಲಿ ಬಿತ್ತಿದ್ದು ಎಂಬ ದೊಡ್ಡ ಪ್ರಶ್ನೆಯು ಇಂಥಾ ಚಿಕ್ಕ ಬಾಗಿಲಿನಿಂದಲೇ ಮನೆಯೊಳಗೆ ಬರುತ್ತದೆ. ಹೊಲ ಮನೆಗಳ ವಿಷಯದಲ್ಲಿ ಹತ್ತು ಜನರನ್ನು ವಿಚಾರಿಸುವವನು ಇಂಥಾ ವಿಷಯವನ್ನು ಅಂಗಡಿಯ ಬೆಂಚಿನ ಮೇಲೆ ಕುಳಿತು ಹತ್ತು ನಿಮಿಷಗಳಲ್ಲಿ ತೀರಿಸಿಬಿಡುತ್ತಾನೆ.

ಓಡುವ ಕಾರಿನಲ್ಲಿ ಸಂಗೀತ ಕೇಳುವ ಅಭ್ಯಾಸವು ಕಾರಿನಷ್ಟು ಹಳೆಯದಲ್ಲ. 1930ರಲ್ಲಿ ಅಮೇರಿಕದ ಶಿಕಾಗೋ ಪಟ್ಟಣದ ಪೌಲ್ ಗಾಲ್ವಿನ್ ಎಂಬವನೂ ಅವನ ತಮ್ಮನಾದ ಜೋಸೆಫನೂ ಒಂದು ಸ್ಟುಡಿಬೇಕರ್ ಕಾರಿನಲ್ಲಿ ರೇಡಿಯೋವನ್ನು ಅಳವಡಿಸಿ, ಅಟ್ಲಾಂಟಿಕ್ ಸಿಟಿಯಲ್ಲಿ ಕೂಡಿದ್ದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಅದನ್ನು ಓಡಿಸಿಕೊಂಡು ಹೋದರು. ಒಳಗೆ ಸ್ಥಳವಿಲ್ಲದ್ದರಿಂದ ಹೊರಗೆ ಕಾರನ್ನು ನಿಲ್ಲಿಸಿ ಗಟ್ಟಿಯಾಗಿ ಹಾಡಿಸಿ ಜನರನ್ನು ಕೂಡಿಸಿದರೆಂದು ಹೇಳುವದುಂಟು. ಮೋಟೊರೋಲ ಎಂಬ ಹೆಸರು ಆ ಸರಕಿನಿಂದ ಹುಟ್ಟಿದ್ದು. ಅದರ ಬೆಲೆ ನೂರು ಡಾಲರಿಗೂ ಮೇಲೆ. ಹೊಸ ಫೋರ್ಡ್ ಕಾರಾದರೋ ಆ ಕಾಲದಲ್ಲಿ ಐದಾರು ನೂರು ಡಾಲರಿಗೆ ದೊರೆಯುತ್ತಿತ್ತು. ಅಂದರೆ ಗಾಡಿಯ ಬೆಲೆಯ ಸುಮಾರು ಐದರಲ್ಲೊಂದು ಪಾಲನ್ನು ಹಾಡಿಗಾಗಿ ಕೊಡುವವರು ಆಗಲೂ ಇದ್ದರು. ಇದರಿಂದ ಚಾಲಕನ ಗಮನ ಕದಡುವದು, ನಿಷೇಧಿಸಬೇಕು ಎನ್ನುವವರೂ ಇದ್ದರು. ತರುವಾಯ ಇದು ಬೇರೊಂದು ದಾರಿ ಹಿಡಿಯಿತು. ಬಂಗಾಳದಿಂದ ಅಮೇರಿಕಕ್ಕೆ ಹೋದ ತಂದೆಯ ಮಗನಾದ ಅಮರ್ ಬೋಸ್ ಎಂಬ ಪ್ರಾಧ್ಯಾಪಕನ ಕಂಪೆನಿಯು, ಕಾರಿನ ಒಳಾಂಗಣಕ್ಕೇ ಹೊಂದುವಂತೆ ಧ್ವನಿಯನ್ನು ಅಳೆದು ಕಟ್ಟಿದ ಯಂತ್ರವನ್ನು ಜನರಲ್ ಮೋಟರ್ಸಿನ 1983ರ ಮಾದರಿಯ ಕೆಲವು ಕಾರುಗಳಲ್ಲಿ ಕೂಡಿಸಿತು. ಆ ಮೇಲೆ ಸ್ಪೀಕರುಗಳ ಸಂಖ್ಯೆಯೇ ಗಾಡಿಯ ಅಂತಸ್ತನ್ನು ತೋರಿಸುವ ಗುರುತಾಯಿತು. ನಮ್ಮ ದೇಶದಲ್ಲಿ 2021ರಲ್ಲಿ ಬಂದ ಮಹೀಂದ್ರದ ಎಕ್ಸ್‌ಯುವಿ 700 ಎಂಬ ಗಾಡಿಯ ಮೇಲ್ದರ್ಜೆಯಲ್ಲಿ ಸೋನಿಯವರ 12 ಸ್ಪೀಕರುಗಳಿದ್ದವು. ಒಂದೇ ಗಾಡಿಯ ಕೆಳದರ್ಜೆಯಲ್ಲಿ ನಾಲ್ಕು, ಮೇಲ್ದರ್ಜೆಯಲ್ಲಿ ಎಂಟು ಹತ್ತು ಸ್ಪೀಕರುಗಳನ್ನು ಇಡುವದು ಈಗಿನ ವ್ಯಾಪಾರದ ರೀತಿ. ಹೀಗಿರುವಲ್ಲಿ ಕೆಳದರ್ಜೆಯ ಕೊರತೆಯು ಅಕಸ್ಮಾತ್ತಾಗಿ ಉಂಟಾದದ್ದೆಂದು ತಿಳಿಯಬಾರದು. ಅದು ಮೇಲಿನ ಮೆಟ್ಟಲನ್ನು ತೋರಿಸಲಿಕ್ಕಾಗಿ ಇಟ್ಟ ಕೊರತೆ.

ನಮ್ಮ ಪ್ರಶ್ನೆಗೆ ಸುಲಭವಾದ ಒಂದು ಉತ್ತರವುಂಟು. ನಿನ್ನೆಯ ವರೆಗೆ ಆ ಯಂತ್ರದಿಂದ ತೃಪ್ತನಾಗಿದ್ದಿ. ಇಂದು ಯಾಕೆ ಸಾಲದು? ಇದ್ದದ್ದರಲ್ಲಿ ಸಂತೋಷಪಡು, ಎಂಬದೇ. ಉಪದೇಶಕ್ಕೆ ಇದು ಅನುಕೂಲವಾದ ಮಾತಾದರೂ ನಮಗೆ ಪೂರ್ತಿಯಾಗಿ ಒಪ್ಪಿಗೆಯಾಗಲಿಲ್ಲ. ಯಾಕಂದರೆ ಇದನ್ನು ಕಡೆಯ ವರೆಗೆ ಎಳೆದರೆ ಮನುಷ್ಯನು ಏನನ್ನೂ ಕಲಿಯಲಾರನು. ರಸಪುರಿ ಮಾವಿನ ಹಣ್ಣನ್ನು ಎಂದೂ ತಿನ್ನದವನಿಗೆ ಅದರ ಕೊರತೆ ತೋರದು. ಹಾಗೆಂದು ಆ ರುಚಿ ವ್ಯರ್ಥವೆನ್ನುವವರು ಯಾರು? ಅಕ್ಷರವರಿಯದವನು ಪುಸ್ತಕವಿಲ್ಲವೆಂದು ಅಳುವದಿಲ್ಲ. ಅದಕ್ಕಾಗಿ ಅವನನ್ನು ಭಾಗ್ಯಶಾಲಿ ಎನ್ನಬಹುದೋ? ಕಿವಿಯೂ ಕಲಿಯತಕ್ಕ ಅಂಗವೇ. ಆದದರಿಂದ ಮೊದಲು ಇರಲಿಲ್ಲವೆಂಬ ಒಂದೇ ಕಾರಣಕ್ಕಾಗಿ ಒಂದು ಬಯಕೆಯನ್ನು ಸುಳ್ಳೆನ್ನಕೂಡದು. ಆದರೆ ಮಾವನ್ನು ತಿಂದವನು ಮಾವನ್ನೇ ತಿಂದನು, ಅದರಲ್ಲಿ ಸಂಶಯವಿಲ್ಲ. ಅಂಗಡಿಯಲ್ಲಿ ಕುಳಿತು ಕೇಳಿದವನು ಏನನ್ನು ಕೇಳಿದನು ಎಂಬದು ಅಷ್ಟು ನಿಶ್ಚಯವಲ್ಲ.

ಅಲ್ಲಿ ನಡೆಯುವದನ್ನು ನೋಡಿರಿ. ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ಕಾರಿನ ಸಾಮಗ್ರಿಗಳನ್ನು ಮಾರುವ ಅಂಗಡಿಗಳು ಸಾಲುಸಾಲಾಗಿವೆ. ಬೇರೆ ಊರುಗಳಲ್ಲಿಯೂ ಇಂಥವು ಉಂಟು. ಗೋಡೆಯ ಮೇಲೆ ಸ್ಪೀಕರುಗಳನ್ನು ಜೋಡಿಸಿರುತ್ತಾರೆ. ಗುಂಡಿಯನ್ನು ಒತ್ತಿದೊಡನೆ ಸ್ವರವು ಒಂದರಿಂದ ಮತ್ತೊಂದಕ್ಕೆ ಹಾರುತ್ತದೆ, ಎರಡನೆಯದು ತುಂಬಿಕೊಂಡು ಮೊಳಗುತ್ತದೆ. ಇಲ್ಲಿ ಕಿವಿಯ ಒಂದು ಸ್ವಭಾವವನ್ನು ಅರಿತಿರುವದು ಒಳ್ಳೇದು. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಅಮೇರಿಕದ ವಿದ್ವಾಂಸರು 1933ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಮೆಲ್ಲಗಿನ ಧ್ವನಿಯಲ್ಲಿ ನಮ್ಮ ಕಿವಿಗೆ ಮಂದ್ರಸ್ವರಗಳು ಕಡಿಮೆಯಾಗಿ ತಾಕುತ್ತವೆ. ಧ್ವನಿಯನ್ನು ಏರಿಸಿದಂತೆ ಅವು ಉಳಿದ ಸ್ವರಗಳಿಗಿಂತ ಬೇಗನೆ ತುಂಬಿ ಬರುತ್ತವೆ. ಆದದರಿಂದ ಅದೇ ಯಂತ್ರವನ್ನು ಸ್ವಲ್ಪ ಗಟ್ಟಿಮಾಡಿದರೆ ಸಾಕು, ಅದು ಬೇರೆ ಉತ್ತಮ ಯಂತ್ರವೆಂದೇ ತೋರುವದು. ವ್ಯಾಪಾರಿಯು ಮೋಸಗಾರನಾಗಿರಬೇಕೆಂದಿಲ್ಲ, ಎರಡು ಸ್ಪೀಕರುಗಳಲ್ಲಿ ಒಂದು ಸಹಜವಾಗಿಯೇ ಗಟ್ಟಿಯಾಗಿ ನುಡಿಯುವದಾದರೆ ಅಷ್ಟೇ ಸಾಕು. ಎರಡನ್ನೂ ಸಮಾನ ಗಟ್ಟಿಗೆ ತಂದು, ನಾವು ಬಲ್ಲ ಒಂದೇ ಹಾಡನ್ನು ಎರಡರಲ್ಲಿಯೂ ಕೇಳದೆ ಹೋದರೆ ನಾವು ಕೇಳಿದ್ದು ಗುಣವನ್ನಲ್ಲ, ಗದ್ದಲವನ್ನು.

ವ್ಯಾಟುಗಳ ಲೆಕ್ಕವೂ ಹಾಗೆಯೇ. ಪೆಟ್ಟಿಗೆಯ ಮೇಲೆ 50 ವ್ಯಾಟು, ನಾಲ್ಕು ಪಾಲು ಎಂದು ಬರೆದಿರುತ್ತದೆ. ಕಾರಿನ 12 ವೋಲ್ಟಿನ ಬ್ಯಾಟರಿಯಿಂದ, ಪ್ರತ್ಯೇಕವಾದ ಆಂಪ್ಲಿಫೈಯರು ಇಲ್ಲದೆ, ಒಂದು ಸಾಧಾರಣ ಸ್ಪೀಕರಿಗೆ ನಿರಂತರವಾಗಿ ದೊರೆಯುವದು ಸುಮಾರು 20 ವ್ಯಾಟು ಮಾತ್ರ. ಮಿಕ್ಕದ್ದು ಕ್ಷಣಮಾತ್ರದ ಉಬ್ಬರ. ವ್ಯಾಟು ಇಮ್ಮಡಿಯಾದರೆ ಧ್ವನಿಯು ಏರುವದು ಕೇವಲ 3 ಡೆಸಿಬೆಲ್. ಕಿವಿಗೆ ಇಮ್ಮಡಿಯಾಗಿ ತೋರಬೇಕಾದರೆ ಹೆಚ್ಚು ಕಡಿಮೆ ಹತ್ತುಪಟ್ಟು ಬೇಕು.

ಇನ್ನೊಂದು ಸಂಗತಿ. ಅಂಗಡಿಯು ನಿಂತಿರುತ್ತದೆ, ಕಾರು ಓಡುತ್ತದೆ. ಹೆದ್ದಾರಿಯಲ್ಲಿ ಗಾಜುಗಳನ್ನು ಮುಚ್ಚಿಕೊಂಡು ಹೋಗುವಾಗಲೂ ಸಾಧಾರಣ ಕಾರಿನೊಳಗೆ ಚಕ್ರ, ಗಾಳಿ, ಇಂಜಿನುಗಳ ಸದ್ದು 65ರಿಂದ 70 ಡೆಸಿಬೆಲ್ ವರೆಗೆ ಇರುವದು, ಅದರ ಹೆಚ್ಚಿನ ಪಾಲು ಕೆಳಸ್ವರಗಳಲ್ಲಿಯೇ. ನಾಲ್ಕು ಸ್ವರಗಳಲ್ಲಿ ಹಾಡುವ ಗಾಯನವೃಂದವನ್ನು ಬಲ್ಲ ನಮ್ಮ ವಾಚಕರಿಗೆ ಇದರ ಫಲವನ್ನು ಹೇಳಬೇಕಾಗಿಲ್ಲ. ಮೇಲಿನ ಸ್ವರ ಎಲ್ಲಿಯಾದರೂ ತೂರಿ ಬರುವದು. ಗಂಡಸರ ಅತಿ ಕೆಳಗಿನ ಸ್ವರವೇ ಮೊದಲು ರಸ್ತೆಯ ಸದ್ದಿನಲ್ಲಿ ಮುಳುಗುವದು. ಮುಳುಗಿದ್ದನ್ನು ಎತ್ತಲಿಕ್ಕಾಗಿ ಚಾಲಕನು ಧ್ವನಿಯನ್ನು ಏರಿಸುತ್ತಾನೆ. ಇದಕ್ಕೂ ಒಂದು ಮಿತಿಯುಂಟು. 80 ಡೆಸಿಬೆಲಿನ ಧ್ವನಿಯನ್ನು ವಾರಕ್ಕೆ 40 ಗಂಟೆಗಳಿಗಿಂತ ಹೆಚ್ಚು ಕೇಳಬಾರದೆಂದು ಲೋಕಾರೋಗ್ಯ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಕ್ರಮದಲ್ಲಿದೆ. 3 ಡೆಸಿಬೆಲ್ ಏರಿದಷ್ಟಕ್ಕೂ ಕಾಲವು ಅರ್ಧವಾಗುವದು. ಆದದರಿಂದ ಒಳ್ಳೇ ಸ್ಪೀಕರು ಗಟ್ಟಿಯಾಗಿ ಹಾಡಲಿಕ್ಕಾಗಿ ಅಲ್ಲ, ಮೆಲ್ಲಗೆ ಇಟ್ಟಾಗಲೂ ಪದಗಳು ಸ್ಪಷ್ಟವಾಗಿ ತಿಳಿಯಲಿಕ್ಕಾಗಿ ಎಂಬುವವನ ಪಕ್ಷದಲ್ಲಿ ನ್ಯಾಯವುಂಟು. ಅಂಥಾ ಗಿರಾಕಿ ಮಾತ್ರ ಅಪರೂಪ.

ಈಗ ಒಬ್ಬ ಗೃಹಸ್ಥನನ್ನು ಭಾವಿಸೋಣ. ಅವನು ತಾಲೂಕಿನ ಪಟ್ಟಣದಲ್ಲಿ ಉಪಾಧ್ಯಾಯನು. ಮುದಿ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಕ್ಕೂ ಮಗಳನ್ನು ಶಾಲೆಗೆ ಬಿಡಲಿಕ್ಕೂ ಸಾಲ ಮಾಡಿ ಚಿಕ್ಕದೊಂದು ಕಾರು ಕೊಂಡಿದ್ದಾನೆ. ತಾನೂ ಹಾಡುವವನು, ಕೆಳಸ್ವರದವನು. ಹೊಸ ಸ್ಪೀಕರುಗಳಿಗೂ ಆಂಪ್ಲಿಫೈಯರಿಗೂ 30,000 ರೂಪಾಯಿ ಬೇಕೆಂದು ಇಟ್ಟುಕೊಳ್ಳೋಣ. ಇದನ್ನೂ ಕಾರಿನ ಸಾಲಕ್ಕೇ ಸೇರಿಸಿದರೆ, ಶೇಕಡಾ 9ರ ಬಡ್ಡಿಯಿಂದ ಐದು ವರ್ಷ ಪ್ರತಿ ತಿಂಗಳೂ ಸುಮಾರು 623 ರೂಪಾಯಿ ತೆರಬೇಕು. ಒಟ್ಟಿಗೆ 37,000 ರೂಪಾಯಿಗೂ ಮೇಲಾಗುವದು. ದಿನಕ್ಕೆ 40 ನಿಮಿಷ ಕೇಳುವವನಾದರೆ ಐದು ವರ್ಷಗಳಲ್ಲಿ 1,200 ಗಂಟೆಗೂ ತುಸು ಹೆಚ್ಚು, ಅಂದರೆ ಗಂಟೆಗೆ ಸುಮಾರು 31 ರೂಪಾಯಿ. ಇದು ಪಾಪವೆನ್ನುವಷ್ಟು ದೊಡ್ಡ ಮೊತ್ತವಲ್ಲ. ಚಹದ ಅಂಗಡಿಯಲ್ಲಿ ಇದಕ್ಕಿಂತ ಹೆಚ್ಚು ಕಳೆಯುವವರುಂಟು. ವಾರಕ್ಕೆ ಒಂದೇ ಗಂಟೆ ಕಾರು ತೆಗೆಯುವವನಿಗಾದರೆ ಅದೇ ಗಂಟೆಗೆ 140 ರೂಪಾಯಿಗೂ ಹೆಚ್ಚು. ತಾಯಿಯ ಔಷಧಿಗೆ ತಿಂಗಳ ಕೊನೆಯಲ್ಲಿ ಕೈಸಾಲ ಮಾಡುವವನಿಗೆ 623 ರೂಪಾಯಿ ಎಂಬದು ಇನ್ನೊಂದು ತೂಕದ್ದು. ಇದನ್ನು ನಾವು ಅವನ ಪರವಾಗಿ ತೂಗಲಾರೆವು.

ಆದರೆ ಅವನು ತೂಗುವ ಮೊದಲು ಒಂದು ಕೆಲಸ ಮಾಡಬಹುದು. ಅಂಗಡಿಗೆ ಹೋಗುವದಕ್ಕೆ ಮುಂಚೆ, ತನ್ನ ಯಂತ್ರದಲ್ಲಿ ಏನು ಕಡಿಮೆ ಎಂದು ಒಂದು ಚೀಟಿಯಲ್ಲಿ ಬರೆಯಲಿ. ಕೆಳಸ್ವರ ಕೇಳಿಸುವದಿಲ್ಲವೆಂದು ಬರೆದನೋ, ಅದು ಕಿವಿಯ ಮಾತು. ಬಾಗಿಲು ಗಡಗಡನೆ ನಡುಗುತ್ತದೆಂದು ಬರೆದನೋ, ಅದೂ ಕಿವಿಯ ಮಾತೇ. ಸ್ಪೀಕರುಗಳು ನಾಲ್ಕೇ ಇವೆ ಎಂದು ಬರೆದರೆ ಅದು ಎಣಿಕೆಯ ಮಾತು. ಅವನ ಕಿವಿ ತನ್ನ ಕಾರಿನಲ್ಲಿಲ್ಲ, ನೆರೆಯವನ ಕಾರಿನಲ್ಲಿದೆ. ಮಾವಿನ ದೃಷ್ಟಾಂತವನ್ನು ನೆನಸಿ, ಕೇಳದೆ ಕೊರತೆಯನ್ನು ಅರಿಯುವದು ಹೇಗೆ ಎಂದು ಯಾರಾದರೂ ಕೇಳಿಯಾರು. ಆಗಲಿ, ಹೋಗಿ ಕೇಳಲಿ. ಕೇಳಿದ ಮೇಲೆ ಕೊಳ್ಳದೆ ಹಿಂದಿರುಗಿ ಒಂದು ತಿಂಗಳು ಹಳೆಯದರಲ್ಲಿಯೇ ಕೇಳುತ್ತಿರಲಿ. ಮೂವತ್ತನೆಯ ದಿನದಲ್ಲಿಯೂ ಹಾಡಿನ ಅದೇ ತಾಣದಲ್ಲಿ ಏನೋ ಇಲ್ಲವೆಂದು ಅನ್ನಿಸಿದರೆ ಅವನ ಕಿವಿ ನಿಜವಾಗಿ ಏನನ್ನೋ ಕಲಿತಿದೆ. ಹತ್ತು ದಿನಗಳಲ್ಲಿ ಮರೆತುಹೋದರೆ ಆ ಕೊರತೆ ಅಂಗಡಿಯದು, ಅಲ್ಲಿಯೇ ಇರಲಿ. ಈ ಪರೀಕ್ಷೆ ಸಂಪೂರ್ಣವಾದದ್ದೆಂದು ನಾವು ಹೇಳುವದಿಲ್ಲ. ಮನುಷ್ಯನ ಮನಸ್ಸು ತನಗೆ ಬೇಕಾದ ಉತ್ತರಕ್ಕಾಗಿ ಒಂದು ತಿಂಗಳಾದರೂ ಕಾದುಕೊಂಡಿರಬಲ್ಲದು.

ನಮ್ಮ ಎಣಿಕೆಯಲ್ಲಿ ಎಲ್ಲಕ್ಕಿಂತ ಭಾರವಾದದ್ದು ಹಣವಲ್ಲ, ಕಾರಿನಲ್ಲಿ ಕೂತಿರುವ ಮಿಕ್ಕವರು. ಆ ಉಪಾಧ್ಯಾಯನ ಮಗಳು ಮನೆಯಲ್ಲಿ ಬಾಯಿ ಬಿಡುವವಳಲ್ಲ. ಕಾರಿನಲ್ಲಿ ಇಬ್ಬರೂ ಮುಂದಣ ದಾರಿಯನ್ನು ನೋಡುತ್ತಿರುವಾಗ, ಮುಖಾಮುಖಿಯಾಗಿ ಹೇಳಲಾರದ ಮಾತು ಹೊರಗೆ ಬರುವದುಂಟು: ಪರೀಕ್ಷೆಯ ಭಯ, ಸ್ನೇಹಿತೆಯ ಜಗಳ. ತಾಯಿಗಾದರೋ ಕಿವಿ ಮಂದ. ಹಿಂದಿನ ಆಸನದಲ್ಲಿ ಹಾಡಿನ ಗದ್ದಲವಿದ್ದರೆ ಮೊಮ್ಮಗಳ ಮಾತು ಆಕೆಗೆ ಒಂದೂ ತಿಳಿಯದು. ಆ ನಾಲ್ವತ್ತು ನಿಮಿಷ ಮನೆಯವರದು ಕೂಡಾ ಆಗಿದೆ. ಹೊಸ ಯಂತ್ರವನ್ನು ಕೊಂಡವನು ಅದನ್ನು ಉಪಯೋಗಿಸದೆ ಬಿಡಲಾರನು, ಹಣ ತೆತ್ತಿದ್ದಾನಲ್ಲಾ! ಹಳೆಯ ಸಾಧಾರಣ ಯಂತ್ರವನ್ನು ಮುಚ್ಚುವದು ಸುಲಭ. ದಾರಿ ಬದಿಯ ಮನೆಗಳವರೂ ಇದ್ದಾರೆ. 50 ಹರ್ಟ್ಸಿನ ಮಂದ್ರಸ್ವರದ ಒಂದು ಅಲೆ ಸುಮಾರು 7 ಮೀಟರು ಉದ್ದ. ಅಂಥದ್ದು ಗಾಜಿಗೂ ಗೋಡೆಗೂ ಹೆದರುವದಿಲ್ಲ. ವಾಸಸ್ಥಳಗಳಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರ ವರೆಗೆ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಮಿತಿಯಿಟ್ಟಿವೆ.

ಇಷ್ಟಾದ ಮೇಲೂ ಬದಲಾಯಿಸಬೇಕೆಂದು ನಿರ್ಣಯಿಸಿದವನು ಅಗ್ಗದಿಂದ ಆರಂಭಿಸಲಿ. ಮಂದ್ರ, ತಾರಗಳನ್ನು ತಿದ್ದುವ ಗುಂಡಿಗಳು, ಧ್ವನಿಯನ್ನು ಹಿಂದೆ ಮುಂದೆ ಸರಿಸುವ ಅನುಕೂಲ, ಇವು ಕೊಂಡ ದಿನದಿಂದ ಕಾರಿನಲ್ಲಿಯೇ ಇರುತ್ತವೆ. ಅನೇಕರು ಅವನ್ನು ಮುಟ್ಟಿಯೂ ನೋಡುವದಿಲ್ಲ. ಫೋನಿನಲ್ಲಿರುವ ಹಾಡಿನ ಪ್ರತಿಯೇ ಕೆಟ್ಟದ್ದಾದರೆ ಯಾವ ಸ್ಪೀಕರೂ ಅದನ್ನು ಸರಿಮಾಡದು. ಆ ಮೇಲೆ ಬಾಗಿಲಿನ ತಗಡಿಗೆ ಒಳಗಿಂದ ಅಂಟಿಸುವ ಭಾರವಾದ ರಬ್ಬರಿನಂಥಾ ಹಾಳೆ. ಅದರಿಂದ ನಡುಕವೂ ರಸ್ತೆಯ ಸದ್ದೂ ಒಟ್ಟಿಗೆ ಇಳಿಯುವವು. ಆ ಮೇಲೆ ಮುಂದಿನ ಬಾಗಿಲುಗಳ ಎರಡು ಸ್ಪೀಕರುಗಳು, ಹಿಂದಿನವು ಕಾದಿರಲಿ. ಡ್ಯಾಶ್‌ಬೋರ್ಡಿನ ಪರದೆಯನ್ನು ತೆಗೆಯುವದಕ್ಕೆ ನಾವು ಒಪ್ಪುವದಿಲ್ಲ, ಯಾಕಂದರೆ ಹಿಂದಣ ಕ್ಯಾಮೆರಾ ಮುಂತಾದವು ಈಗ ಅದರಲ್ಲಿಯೇ ಸೇರಿಕೊಂಡಿರುತ್ತವೆ. ತಂತಿಗಳನ್ನು ಕತ್ತರಿಸಬಾರದು, ಜೋಡಣೆಯ ಕೊಂಡಿಗಳನ್ನೇ ಉಪಯೋಗಿಸಬೇಕು. ಕತ್ತರಿಸಿದಲ್ಲಿ ಕಂಪೆನಿಯವರು ಗ್ಯಾರಂಟಿಯನ್ನು ನಿರಾಕರಿಸಲು ಕಾರಣ ಸಿಕ್ಕುವದು. ಕಂಬಗಳ ಒಳಗೆ ಗಾಳಿಚೀಲಗಳಿರುವ ಗಾಡಿಗಳಲ್ಲಿ ಆ ದಾರಿಯಾಗಿ ತಂತಿ ಎಳೆಯಲು ಬಿಡಬಾರದು. ತೆಗೆದ ಹಳೆಯ ಸ್ಪೀಕರುಗಳನ್ನು ಅಂಗಡಿಯಲ್ಲಿ ಬಿಟ್ಟುಬಾರದೆ, ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಡಲಿ. ಕಾರನ್ನು ಮಾರುವ ದಿನ ಕೊಳ್ಳುವವರು ಹೊಸದಕ್ಕೆ ಹೆಚ್ಚು ಬೆಲೆ ಕೊಡುವದು ಅಪರೂಪ. ಆಗ ಹಳೆಯವನ್ನು ತಿರಿಗಿ ಕೂಡಿಸಿ ಕೊಡಬಹುದು.