ಶಾಲಾ ಮಕ್ಕಳ ಪರೋಪಕಾರವು ಯಾರ ಹಿತಕ್ಕಾಗಿ?

ಪಾಠಪುಸ್ತಕದಲ್ಲಿರುವದಷ್ಟೇ ವಿದ್ಯೆಯಲ್ಲವೆಂಬ ಮಾತನ್ನು ಈಗ ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಆದಕಾರಣ ಪಟ್ಟಣದ ಶಾಲೆಗಳಲ್ಲಿಯೂ ನಮ್ಮ ಹಳ್ಳಿಗಳ ಪ್ರೌಢಶಾಲೆಗಳಲ್ಲಿಯೂ ಮಕ್ಕಳನ್ನು ತರಗತಿಯ ಕೋಣೆಯಿಂದ ಹೊರಗೆ ಕರೆದುಕೊಂಡು ಹೋಗಿ ಪರೋಪಕಾರದ ಕೆಲಸಗಳನ್ನು ಮಾಡಿಸುವ ರೂಢಿಯುಂಟು. ಒಂದು ದಿವಸ ವೃದ್ಧಾಶ್ರಮಕ್ಕೆ ಹೋಗುತ್ತಾರೆ. ಇನ್ನೊಂದು ದಿವಸ ಬೀದಿಯನ್ನು ಗುಡಿಸುತ್ತಾರೆ. ಮಳೆಗಾಲ ಬಂದರೆ ಸಸಿ ನೆಡುತ್ತಾರೆ. ಎಲ್ಲಿಯಾದರೂ ನೆರೆ ಬಂದರೆ ಬಟ್ಟೆಯನ್ನೂ ಅಕ್ಕಿಯನ್ನೂ ಕೂಡಿಸಿ ಕಳುಹಿಸುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೂ ಇದರೊಳಗೆ ಒಂದು ಪ್ರಶ್ನೆಯು ಅಡಗಿಕೊಂಡಿದೆ. ಹಸಿದವನಿಗೆ ಅನ್ನವನ್ನು ಕೊಡುವವನು, ಅವನ ಹಸಿವೆಯನ್ನು ಕಂಡು ಕೊಡದೆ, ಕೊಡುವ ವಿದ್ಯೆಯನ್ನು ತಾನು ಕಲಿಯುವದಕ್ಕಾಗಿ ಕೊಟ್ಟರೆ ಅದು ಉಪಕಾರವೋ ಅಥವಾ ಬರೇ ಅಭ್ಯಾಸವೋ? ಮಗುವು ಹಲಗೆಯ ಮೇಲೆ ಅಕ್ಷರವನ್ನು ತಿದ್ದುವದು ಹಲಗೆಯ ಹಿತಕ್ಕಾಗಿ ಅಲ್ಲ. ಹಾಗೆಯೇ ಬಡವನು ನಮ್ಮ ಮಕ್ಕಳ ಸದ್ಗುಣಗಳನ್ನು ತಿದ್ದುವದಕ್ಕೆ ಒಂದು ಹಲಗೆಯಾಗಬಹುದೋ?

ದಾನವನ್ನು ಗುಪ್ತವಾಗಿ ಮಾಡತಕ್ಕದ್ದೆಂದು ಚಿಕ್ಕಂದಿನಿಂದ ಕೇಳಿ ಬೆಳೆದವರಿಗೆ ಈ ಪ್ರಶ್ನೆಯು ಹೊಸದಲ್ಲ. ಆದರೆ ಶಾಲೆಯ ಪರೋಪಕಾರವು ಗುಪ್ತವಾಗಿರುವದು ಹೇಗೆ? ಉಪಾಧ್ಯಾಯರು ನೋಡಬೇಕು, ಪುಸ್ತಕದಲ್ಲಿ ಬರೆಯಬೇಕು, ಫೋಟೋ ತೆಗೆದು ಮೇಲಿನವರಿಗೆ ಕಳುಹಿಸಬೇಕು. ಬಿಸ್ಕತ್ತಿನ ಪೊಟ್ಟಣವನ್ನು ಮುದುಕಿಯ ಕೈಗೆ ಕೊಟ್ಟ ಹುಡುಗನು ಮುದುಕಿಯ ಮುಖವನ್ನು ನೋಡದೆ ಫೋಟೋ ತೆಗೆಯುವವನ ಕಡೆಗೆ ನೋಡುತ್ತಾ ನಿಲ್ಲುವದನ್ನು ನಾವೆಲ್ಲರೂ ಕಂಡಿದ್ದೇವೆ. ತಪ್ಪು ಹುಡುಗನದಲ್ಲ. ಅತ್ತ ನೋಡೆಂದು ಹೇಳಿದವರು ಹಿರಿಯರು.

ನಮ್ಮ ದೇಶದಲ್ಲಿ ಈ ಕಾರ್ಯಕ್ಕೆ ದೊಡ್ಡ ಏರ್ಪಾಡು ಆದದ್ದು 1969ನೇ ಇಸವಿಯಲ್ಲಿ. ಅದು ಗಾಂಧೀಜಿಯವರ ಜನ್ಮಶತಾಬ್ದಿಯ ವರುಷ. ಆ ಸೆಪ್ಟೆಂಬರ್ 24ರಂದು ಕೇಂದ್ರದ ವಿದ್ಯಾಮಂತ್ರಿಗಳಾಗಿದ್ದ ವಿ. ಕೆ. ಆರ್. ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾನಿಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಆರಂಭಿಸಿದರು. ಇದಕ್ಕಿಂತ ಮುಂಚೆ ಹತ್ತು ವರುಷ ವಾದವು ನಡೆದಿತ್ತು. ಚಿಂತಾಮಣ ದೇಶಮುಖರ ಸಮಿತಿಯು ಇಂಥ ಸೇವೆಯು ಎಲ್ಲಾ ವಿದ್ಯಾರ್ಥಿಗಳಿಗೂ ಕಡ್ಡಾಯವಾಗಬೇಕೆಂದಿತು. ಬೇರೆ ದೇಶಗಳ ರೀತಿಯನ್ನು ವಿಚಾರಿಸಿದ ಕೆ. ಜಿ. ಸೈಯದೈನರು ಅದು ಸ್ವಇಚ್ಛೆಯಿಂದಲೇ ನಡೆಯಲೆಂದರು. ಕಡೆಗೆ ಇಚ್ಛೆಯ ಪಕ್ಷವೇ ಗೆದ್ದಿತು. ಕಾಲೇಜು ವಿದ್ಯಾರ್ಥಿಯು ವರುಷಕ್ಕೆ 120 ಗಂಟೆಗಳಂತೆ ಎರಡು ವರುಷಗಳಲ್ಲಿ 240 ಗಂಟೆಗಳ ಸೇವೆಯನ್ನು ಮಾಡಿ, ಒಂದು ಹಳ್ಳಿಯಲ್ಲಿ ಏಳು ದಿವಸದ ಶಿಬಿರದಲ್ಲಿ ಇದ್ದರೆ ಪ್ರಮಾಣಪತ್ರವು ದೊರೆಯುವದು. ಈ ಯೋಜನೆಯ ಧ್ಯೇಯವಾಕ್ಯವು ತನ್ನನ್ನಲ್ಲ, ಎದುರಿಗಿರುವವನನ್ನು ಮುಂದೆ ಇಡತಕ್ಕದ್ದೆಂದು ಹೇಳುತ್ತದೆ. ಅದರ ಉದ್ದೇಶವನ್ನು ತಿಳಿಸುವ ಕಡೆಯಲ್ಲಾದರೋ ಸಮಾಜಸೇವೆಯ ಮೂಲಕ ವಿದ್ಯಾರ್ಥಿಯ ವ್ಯಕ್ತಿತ್ವವು ವಿಕಾಸವಾಗಲಿ ಎಂದಿದೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿರಿ. ಒಂದು ಕಡೆ ನೀನೇ ಮೊದಲು, ನಾನಲ್ಲ. ಇನ್ನೊಂದು ಕಡೆ ನಿನ್ನ ಮೂಲಕ ನಾನು ಬೆಳೆಯಬೇಕು. ಇದನ್ನು ಕಪಟವೆಂದು ನಾವು ಹೇಳುವದಿಲ್ಲ. ನಾವು ವಿಚಾರಿಸುತ್ತಿರುವ ತೊಡಕು ಈ ಎರಡು ಮಾತುಗಳ ನಡುವೆಯೇ ಇದೆ.

ಕೆಲವರು ಹೇಳುವದೇನಂದರೆ: ಕೊಡುವವನ ಮನಸ್ಸು ಹೇಗಾದರೂ ಇರಲಿ, ಅಕ್ಕಿಯು ಬೆಂದರೆ ಅನ್ನವೇ, ಹೊಟ್ಟೆಯು ತುಂಬುತ್ತದೆ, ಅಂಕಕ್ಕಾಗಿ ಕೊಟ್ಟ ಅಕ್ಕಿಯು ಬೇಯದೆ ಉಳಿಯುವದಿಲ್ಲ. ಇದು ನಿಜವೇ. ಅಕ್ಕಿಯ ಮಟ್ಟಿಗೆ ಈ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ, ಉತ್ತರ ಬೇಕಾಗಿಯೂ ಇಲ್ಲ. ಆದರೆ ವಿದ್ಯಾರ್ಥಿಗಳು ಮಾಡುವ ಕೆಲಸಗಳಲ್ಲಿ ಅಕ್ಕಿಯಂಥವು ಕೊಂಚವೇ. ಸಸಿಯನ್ನು ತೆಗೆದುಕೊಳ್ಳಿರಿ. 1950ನೇ ಇಸವಿಯಲ್ಲಿ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಈ ದೇಶದ ಶಾಲಾ ಮಕ್ಕಳು ನೆಟ್ಟ ಸಸಿಗಳೆಲ್ಲಾ ಮರಗಳಾಗಿದ್ದರೆ ನಮಗೆ ನಡೆಯುವದಕ್ಕೆ ದಾರಿ ಇರುತ್ತಿರಲಿಲ್ಲ! ಎಷ್ಟೋ ಶಾಲೆಗಳಲ್ಲಿ ಗುಂಡಿಯನ್ನು ಹೊಸದಾಗಿ ತೋಡುವ ಶ್ರಮವೂ ಇಲ್ಲ. ಹೋದ ವರುಷದ್ದೇ ಸಾಕು. ಜುಲೈ ತಿಂಗಳಲ್ಲಿ ನೆಟ್ಟವರು ಮಾರ್ಚಿಯಲ್ಲಿ ನೀರು ಹೊಯ್ಯುವದಿಲ್ಲ, ಯಾಕಂದರೆ ಮಾರ್ಚಿಯಲ್ಲಿ ಪರೀಕ್ಷೆ. ಇಲ್ಲಿ ಕೊಡುವವನ ಮನಸ್ಸೇ ಕೆಲಸದ ಗತಿಯನ್ನು ತೀರ್ಮಾನಿಸುತ್ತದೆ. ಸಸಿಗಾಗಿ ನೆಟ್ಟವನು ಬೇಸಿಗೆಯಲ್ಲಿ ಬರುತ್ತಾನೆ. ಗಂಟೆಗಾಗಿ ನೆಟ್ಟವನಿಗೆ ಗಂಟೆಯು ಅಂದೇ ತೀರಿತು. ಮೇಲಾಗಿ ಆ ಮಗುವು ಏನೂ ಕಲಿಯಲಿಲ್ಲವೆಂದು ಎಣಿಸಬಾರದು. ಫೋಟೋ ತೆಗೆದರೆ ಕೆಲಸವು ಮುಗಿಯಿತೆಂಬ ಪಾಠವನ್ನು ಅದು ಚೆನ್ನಾಗಿ ಕಲಿತಿತು, ಮುಂದೆ ದೊಡ್ಡದಾಗಿ ಕಚೇರಿಯಲ್ಲಿ ಕೂತಾಗ ಅದನ್ನು ಮರೆಯುವದೂ ಇಲ್ಲ.

ಹಾಗಾದರೆ ಕಲಿಕೆಯೂ ಉಪಕಾರವೂ ಒಂದೇ ಕೆಲಸದಲ್ಲಿ ಕೂಡಿ ಬರುವದು ಸಾಧ್ಯವೇ ಇಲ್ಲವೋ? ಸಾಧ್ಯವಿದೆ. ಇದಕ್ಕೆ ನಾವು ಸ್ವಲ್ಪ ದೂರದ ಒಂದು ದೃಷ್ಟಾಂತವನ್ನು ವಿಸ್ತಾರವಾಗಿ ಹೇಳುತ್ತೇವೆ. ಕುರ್ಟ್ ಹಾನ್ ಎಂಬ ಯೆಹೂದ್ಯ ಮನೆತನದ ಜರ್ಮನ್ ಉಪಾಧ್ಯಾಯನೊಬ್ಬನಿದ್ದನು. ಹಿಟ್ಲರನನ್ನು ಬಹಿರಂಗವಾಗಿ ವಿರೋಧಿಸಿದ್ದರಿಂದ 1933ರಲ್ಲಿ ಸೆರೆಗೆ ಬಿದ್ದು, ಬಿಡುಗಡೆಯಾದ ಮೇಲೆ ಬ್ರಿಟನ್ನಿಗೆ ಹೋಗಿ, 1934ರಲ್ಲಿ ಸ್ಕಾಟ್ಲೆಂಡಿನ ಗಾರ್ಡನ್‌ಸ್ಟನ್‌ನಲ್ಲಿ ಶಾಲೆಯನ್ನು ಸ್ಥಾಪಿಸಿದನು. ಅಲ್ಲಿ ಅವನು ಹುಡುಗರಿಗೆ ಸಮುದ್ರತೀರದ ಕಾವಲನ್ನೂ ಬೆಂಕಿ ನಂದಿಸುವ ಕೆಲಸವನ್ನೂ ಒಪ್ಪಿಸಿದನು. ಅವನ ಪ್ರೇರಣೆಯಿಂದಲೇ 1962ರಲ್ಲಿ ವೇಲ್ಸ್ ದೇಶದ ಸೇಂಟ್ ಡೊನಾಟ್ಸ್ ಎಂಬ ಹಳೇ ಕೋಟೆಯಲ್ಲಿ ಅಟ್ಲಾಂಟಿಕ್ ಕಾಲೇಜು ಎಂಬ ವಿದ್ಯಾಲಯವು ತೆರೆಯಲ್ಪಟ್ಟಿತು. ಹದಿನಾರು ಹದಿನೇಳು ವಯಸ್ಸಿನ ಮಕ್ಕಳು ನಾನಾ ದೇಶಗಳಿಂದ ಅಲ್ಲಿ ಬಂದು ಕೂಡಿದರು. ಕೋಟೆಯ ಕೆಳಗೇ ಸಮುದ್ರ; ಆ ಕರಾವಳಿಯಲ್ಲಿ ಉಬ್ಬರವಿಳಿತದ ಅಂತರವು ಬಹಳ ದೊಡ್ಡದು, ಅಪಾಯವೂ ಹೆಚ್ಚು. ಆದದರಿಂದ ವಿದ್ಯಾರ್ಥಿಗಳೇ ಜೀವರಕ್ಷಕ ದೋಣಿಯನ್ನು ನಡಿಸುವ ಏರ್ಪಾಡಾಯಿತು. 1963ರಿಂದ 2013ರ ವರೆಗೆ ಆ ಕಾಲೇಜು ಬ್ರಿಟನ್ನಿನ ಜೀವರಕ್ಷಕ ದೋಣಿಗಳ ಸಂಸ್ಥೆಯ ಒಂದು ಠಾಣೆಯಾಗಿಯೇ ಇತ್ತು.

ಆಗ ಬಳಕೆಯಲ್ಲಿದ್ದ ಗಾಳಿ ತುಂಬುವ ದೋಣಿಗಳ ತಳವು ಬಟ್ಟೆಯದು. ಅದು ಬೇಗನೆ ಸವೆದು ಹರಿಯುತ್ತಿತ್ತು. ಮೊದಲನೆಯ ಮುಖ್ಯೋಪಾಧ್ಯಾಯರಾಗಿದ್ದ ನೌಕಾದಳದ ಡೆಸ್ಮಂಡ್ ಹೋರ್ ಎಂಬವರೂ ವಿದ್ಯಾರ್ಥಿಗಳೂ ಕೂಡಿ, ಬಟ್ಟೆಯ ತಳಕ್ಕೆ ಬದಲಾಗಿ ಗಟ್ಟಿ ಹಲಗೆಯ ತಳವನ್ನು ಕೂಡಿಸಿ, ಸುತ್ತಲೂ ಗಾಳಿಯ ಕೊಳವೆಯನ್ನು ಇಟ್ಟು, ವರುಷಗಟ್ಟಲೆ ಒಂದಾದ ಮೇಲೊಂದು ದೋಣಿಯನ್ನು ಮಾಡಿ ಪರೀಕ್ಷಿಸಿದರು. ಲೋಕದ ಕರಾವಳಿಗಳಲ್ಲಿ ಈ ಹೊತ್ತು ಓಡಾಡುವ ಗಟ್ಟಿ ತಳದ ಗಾಳಿದೋಣಿಯು ಬೆಳೆದು ಬಂದ ಬಗೆಯು ಇದು. ಅದರ ಹಕ್ಕನ್ನು ಅವರು ಆ ಸಂಸ್ಥೆಗೆ ಹೆಸರಿಗೆ ಮಾತ್ರ ಒಂದು ಪೌಂಡು ಬೆಲೆಗೆ ಕೊಟ್ಟುಬಿಟ್ಟರು. ಸಂಸ್ಥೆಯು ತನ್ನ ಹೊಸ ದೋಣಿಗೆ ಅಟ್ಲಾಂಟಿಕ್ 21 ಎಂದು ಆ ಕಾಲೇಜಿನ ಹೆಸರನ್ನೇ ಇಟ್ಟಿತು.

ಆ ಹುಡುಗರು ಕಲಿತದ್ದು ಕಡಿಮೆಯೋ? ಆದರೂ ಅವರು ಕಲಿಯುವದಕ್ಕಾಗಿ ಸಮುದ್ರಕ್ಕೆ ಇಳಿಯಲಿಲ್ಲ. ನೀರಿನಲ್ಲಿ ಮುಳುಗುವವನಿಗೆ ರಕ್ಷಕನ ವ್ಯಕ್ತಿತ್ವದ ವಿಕಾಸವು ಬೇಕಾಗಿಲ್ಲ. ದೋಣಿಯು ಬರಬೇಕು, ಬೇಗ ಬರಬೇಕು. ಅಲ್ಲಿ ಗುಣವನ್ನು ಅಳೆಯುವವನು ಉಪಾಧ್ಯಾಯನಲ್ಲ, ಅಲೆಯೇ ಅಳೆಯುತ್ತದೆ. ಎದುರಿಗಿರುವವನ ಅಗತ್ಯವು ಎಲ್ಲಿ ನಿಜವಾಗಿದ್ದು, ಅದು ಪೂರೈಸಿತೋ ಇಲ್ಲವೋ ಎಂಬದನ್ನು ಅವನ ಕಡೆಯಿಂದಲೇ ನೋಡುತ್ತಾರೋ ಅಲ್ಲಿ ಮಾತ್ರ ವಿದ್ಯಾರ್ಥಿಯು ತನ್ನನ್ನು ಮರೆಯುತ್ತಾನೆ, ಮರೆತದ್ದರಿಂದಲೇ ಕಲಿಯುತ್ತಾನೆಂದು ನಮಗೆ ತೋರುತ್ತದೆ. ನಿದ್ರೆಯನ್ನು ಹುಡುಕುತ್ತಾ ಮಲಗಿದವನಿಗೆ ನಿದ್ರೆ ಬಾರದು. ಹೊಲದಲ್ಲಿ ದುಡಿದವನಿಗೆ ಕೇಳದೆಯೇ ಬರುತ್ತದೆ.

ಮೇಲಿನ ದೃಷ್ಟಾಂತದಿಂದ ಪೂರ್ತಿಯಾಗದ ಒಂದು ಸಂಗತಿಯುಂಟು. ಸಮುದ್ರದಲ್ಲಿ ಮುಳುಗುವವನನ್ನು ಎತ್ತಿದರೆ ಆಯಿತು. ಸಮುದ್ರವು ಯಾತಕ್ಕೆ ಇದೆ ಎಂದು ಯಾರೂ ಕೇಳುವದಿಲ್ಲ. ಬಡತನವಾದರೋ ಸಮುದ್ರದಂಥದ್ದಲ್ಲ, ಅದಕ್ಕೆ ಕಾರಣಗಳಿವೆ. ಇಂಗ್ಲೆಂಡಿನ ಹೇಲೀಬರಿ ಎಂಬಲ್ಲಿ ಒಂದು ದೊಡ್ಡ ಶಾಲೆಯಿದೆ. ಅದೇ ಸ್ಥಳದಲ್ಲಿ ಮುಂಚೆ ಈಸ್ಟ್ ಇಂಡಿಯಾ ಕಂಪೆನಿಯವರು ಹಿಂದುಸ್ಥಾನಕ್ಕೆ ಬರುವ ತಮ್ಮ ಅಧಿಕಾರಿಗಳನ್ನು ತರಬೇತು ಮಾಡುತ್ತಿದ್ದರು. ಆ ಶಾಲೆಗೆ ಸೇರಿದವರು ಪರೋಪಕಾರಾರ್ಥವಾಗಿ ಲಂಡನ್ ಪಟ್ಟಣದ ಸ್ಟೆಪ್ನಿ ಎಂಬ ಬಡವರ ಕೇರಿಯಲ್ಲಿ ಕೂಲಿಯ ಹುಡುಗರಿಗೆ ಒಂದು ಕ್ಲಬ್ಬನ್ನು ನಡಿಸುತ್ತಿದ್ದರು. 1905ರಲ್ಲಿ ಆ ಶಾಲೆಯ ಹಳೇ ವಿದ್ಯಾರ್ಥಿಯಾದ ಕ್ಲೆಮೆಂಟ್ ಅಟ್ಲೀ ಎಂಬ ತರುಣನು ಅದನ್ನು ನೋಡಲಿಕ್ಕೆ ಹೋದನು. ಆಗ ಅವನು ತನ್ನ ವರ್ಗದವರಂತೆ ಕನ್ಸರ್ವೇಟಿವ್ ಪಕ್ಷದ ಅಭಿಪ್ರಾಯದವನು. ಎರಡು ವರುಷಗಳ ಮೇಲೆ ಕ್ಲಬ್ಬಿನ ವ್ಯವಸ್ಥಾಪಕನಾಗಿ ಅಲ್ಲಿಯೇ ವಾಸಕ್ಕೆ ನಿಂತನು. ವಾರಕ್ಕೊಮ್ಮೆ ಬಂದು ಹೋಗುವವನಿಗೆ ಕಾಣದ್ದು ನೆರೆಮನೆಯವನಿಗೆ ಕಾಣುತ್ತದೆ. ದುಡಿಯುವ ಮನಸ್ಸುಳ್ಳವರು ದುಡಿತವಿಲ್ಲದೆ ಕೂತಿರುವದನ್ನೂ, ಇಡೀ ದಿನ ದುಡಿದವರ ಮನೆಯಲ್ಲಿಯೂ ಕೊರತೆ ಇರುವದನ್ನೂ ಅವನು ಕಂಡನು. ಇದಕ್ಕೆ ಕ್ಲಬ್ಬು ಸಾಲದೆಂದು ತಿಳಿದುಕೊಂಡು 1908ರಲ್ಲಿ ಕಾರ್ಮಿಕರ ಪಕ್ಷವನ್ನು ಸೇರಿದನು. ಇದೇ ಅಟ್ಲೀಯವರು 1945ರಲ್ಲಿ ಪ್ರಧಾನಮಂತ್ರಿಯಾದರು. ಕೆಲಸ ತಪ್ಪಿದವರಿಗೂ ರೋಗಿಗಳಿಗೂ ಹಣ ದೊರಕಿಸುವ ವಿಮೆಯ ಕಾನೂನು 1946ರಲ್ಲಿ ಆಯಿತು. 1948ರ ಜುಲೈ 5ರಿಂದ ಆ ದೇಶದಲ್ಲಿ ಔಷಧೋಪಚಾರವು ಬಡವರಿಗೂ ಐಶ್ವರ್ಯವಂತರಿಗೂ ಸಮವಾಗಿ ದೊರೆಯಿತು. ನಮ್ಮ ಸ್ವಾತಂತ್ರ್ಯದ ಕಾನೂನೂ ಅವರ ಕಾಲದಲ್ಲಿಯೇ ಆದದ್ದು.

ಶಾಲೆಯ ಒಂದು ಚಿಕ್ಕ ಧರ್ಮಕಾರ್ಯದಿಂದ ಇಷ್ಟೆಲ್ಲಾ ಹುಟ್ಟಿತೆಂದು ನಾವು ಹೇಳುವದಿಲ್ಲ; ಅದೇ ಕೇರಿಗೆ ಹೋಗಿ ಬಂದು ಏನೂ ಆಗದೆ ಉಳಿದವರೂ ಅನೇಕರಿದ್ದರು. ಆದರೆ ಅಟ್ಲೀಯವರು ಅಲ್ಲಿ ಕಲಿತ ಪಾಠವನ್ನು ಗಮನಿಸಿರಿ. ಪರೋಪಕಾರಕ್ಕೆ ಹೋದವರು ಪರೋಪಕಾರವು ಸಾಲದೆಂದು ಕಲಿತು ಬಂದರು. ನಮ್ಮ ಶಾಲೆಗಳು ಇಂಥ ಪಾಠಕ್ಕೆ ಅಂಕ ಕೊಡುವವೋ? ನೆರೆಸಂತ್ರಸ್ತರಿಗೆ ಬಟ್ಟೆ ಕಳುಹಿಸಿದ ಹುಡುಗಿಯು, ಹೊಳೆಯ ಪಾತ್ರದೊಳಗೆ ಮನೆ ಕಟ್ಟುವದಕ್ಕೆ ಅಪ್ಪಣೆ ಕೊಟ್ಟವರು ಯಾರೆಂದು ಕೇಳಿದರೆ, ಶಾಬಾಸ್ ಎನ್ನುವ ಉಪಾಧ್ಯಾಯರು ಎಷ್ಟು ಮಂದಿ? ದಯೆಯನ್ನು ಕಲಿಸಬೇಕು, ಪ್ರಶ್ನೆಯನ್ನು ಕಲಿಸಬಾರದೆಂಬ ಶಾಲೆಯು ದಯೆಯನ್ನೂ ಅರ್ಧವೇ ಕಲಿಸಿದ ಹಾಗಾಯಿತು.

ಇನ್ನು ತಕ್ಕೊಳ್ಳುವವರ ಕಡೆಯ ಮಾತು. ಹಳೇ ಮೈಸೂರಿನಲ್ಲಿ ವಾರಾನ್ನವೆಂಬ ಪದ್ಧತಿ ಇತ್ತು. ಬಡ ವಿದ್ಯಾರ್ಥಿಯು ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದು ಮನೆಯಲ್ಲಿ, ಹೀಗೆ ವಾರದ ದಿನಗಳನ್ನು ಮನೆಗಳಿಗೆ ಹಂಚಿಕೊಂಡು ಉಂಡು ಓದುತ್ತಿದ್ದನು. ಅದು ಬಹುಮಟ್ಟಿಗೆ ಜಾತಿಯ ಬೇಲಿಯೊಳಗಿನ ಧರ್ಮವಾಗಿತ್ತು. ಬೇಲಿಯ ಹೊರಗಿನ ಮಕ್ಕಳಿಗೆ ಆ ಎಲೆಯು ಬೀಳಲಿಲ್ಲ. ಹಾಗಿದ್ದರೂ ಅದರಲ್ಲಿ ನಮ್ಮ ವಿಚಾರಕ್ಕೆ ಬೇಕಾದ ಒಂದು ಸಂಗತಿಯಿದೆ. ಅಲ್ಲಿ ಪರೋಪಕಾರದಿಂದ ಕಲಿತ ವಿದ್ಯಾರ್ಥಿಯು ಕೊಡುವವನಲ್ಲ, ತಕ್ಕೊಳ್ಳುವವನು. ಯಾವ ಮನೆಯಲ್ಲಿ ಗೌರವದಿಂದ ಬಡಿಸುತ್ತಾರೆ, ಯಾವ ಮನೆಯಲ್ಲಿ ಬಡಿಸುವ ಸೌಟೇ ನಿಂದಿಸುತ್ತದೆ ಎಂಬದನ್ನು ಅವನು ಏಳು ದಿವಸಗಳಲ್ಲಿ ಏಳು ವಿಧವಾಗಿ ಅರಿತನು. ಈ ಜ್ಞಾನವು ಈಗಿನ ಹಾಸ್ಟೆಲುಗಳ ಮಕ್ಕಳಿಗೂ ಇದೆ. ದಾನಿಗಳು ಬರುವ ದಿವಸ ಒಗೆದ ಬಟ್ಟೆಯನ್ನು ಹಾಕಿಕೊಂಡು ಸಾಲಾಗಿ ನಿಂತು ಹಾಡಿದ ಮಗುವಿಗೆ ದಾನದ ವಿಷಯದಲ್ಲಿ ತಿಳಿದಿರುವಷ್ಟು, ದಾನ ಕೊಡಲು ಬಸ್ಸಿನಲ್ಲಿ ಬಂದ ಮಗುವಿಗೆ ತಿಳಿದಿಲ್ಲ. ಆದರೆ ಆ ಮಗುವನ್ನು ಯಾರೂ ಕೇಳುವದಿಲ್ಲ. ಬಂದ ಶಾಲೆಯವರು ವರದಿ ಬರೆಯುತ್ತಾರೆ, ನಿಂತು ಹಾಡಿದವರು ಬರೆಯುವದಿಲ್ಲ.

ನಮ್ಮ ಹಳ್ಳಿಗಳ ಮಕ್ಕಳಲ್ಲಿ ಹೆಚ್ಚಿನವರು ಕೊಡುವ ಮನೆಗಳವರಲ್ಲ. ಪಟ್ಟಣದ ಶಿಬಿರದವರು ಬಂದು ಗುಡಿಸುವ ಬೀದಿಯು ಅವರದೇ. ಹಾಗಾದರೆ ಅವರು ಮಾಡತಕ್ಕ ಪರೋಪಕಾರವು ಯಾವದು? ಇದಕ್ಕೆ ಉತ್ತರವನ್ನು ಹೊರಗಿನಿಂದ ತರಬೇಕಾಗಿಲ್ಲ. ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆ: ಈ ಹೊತ್ತು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅಲ್ಲಿ ದಾನಿಯೂ ಇಲ್ಲ, ದೀನನೂ ಇಲ್ಲ. ಆದರೂ ಒಬ್ಬರ ಕೆಲಸವು ಇನ್ನೊಬ್ಬರಿಂದ ಆಗುತ್ತದೆ. ಮಕ್ಕಳ ಸೇವೆಯನ್ನು ಈ ಜಾಡಿನಲ್ಲಿ ನಡಿಸುವದು ಒಳ್ಳೇದೆಂದು ನಾವು ಎಣಿಸುತ್ತೇವೆ. ಅಜ್ಜಿಗೆ ಅಕ್ಷರ ತಿಳಿಯದು, ಹುಡುಗಿಗೆ ತಿಳಿಯುತ್ತದೆ. ಹುಡುಗಿಗೆ ಯಾವ ಸೊಪ್ಪು ಯಾವ ನೋವಿಗೆಂದು ತಿಳಿಯದು, ಅಜ್ಜಿಗೆ ತಿಳಿಯುತ್ತದೆ.

ಒಂದು ಕೆಲಸವನ್ನಂತೂ ಗುರುತಿಸಿ ಹೇಳುವೆವು. ಮುದುಕರಿಗಾಗಿ 2007ರಲ್ಲಿ ನಮ್ಮ ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ಎಂಬ ಪಿಂಚಣಿಯು ಆರಂಭವಾಯಿತು. ಹಣವು ಬ್ಯಾಂಕಿಗೆ ಅಥವಾ ಅಂಚೆಗೆ ಬರುತ್ತದೆ. ಕೆಲವು ವೇಳೆ ಬಾರದೆ ನಿಲ್ಲುತ್ತದೆ. ಕೂಲಿ ಮಾಡಿ ಸವೆದ ಹೆಬ್ಬೆಟ್ಟನ್ನು ಯಂತ್ರವು ಗುರುತಿಸದೆ ಹೋಗುವದುಂಟು. ಒಂದು ಕಾಗದದಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು ಇರುವದುಂಟು. ಒಂಭತ್ತನೇ ತರಗತಿಯ ಹುಡುಗಿಯು ಆ ಕಾಗದಗಳನ್ನು ಅಜ್ಜಿಗೆ ಓದಿ ಹೇಳಿ, ತಪ್ಪು ಎಲ್ಲಿದೆ ಎಂದು ಕಂಡು, ಅರ್ಜಿ ಬರೆದು, ರಜೆಯ ದಿನ ಯಾರಾದರೂ ಹಿರಿಯರ ಜೊತೆಯಲ್ಲಿ ಅವಳನ್ನು ನಾಡಕಚೇರಿಗೆ ಕರೆದುಕೊಂಡು ಹೋಗಲಿ. ಅಲ್ಲಿ ಇಬ್ಬರೂ ಮೆಟ್ಟಲಿನ ಮೇಲೆ ಕಾಯುವರು. ನಾಳೆ ಬನ್ನಿರೆಂದು ಗುಮಾಸ್ತರು ಹೇಳುವದನ್ನು ಆ ಹುಡುಗಿಯು ಕೇಳುವಳು, ಯಾಕೆ ನಾಳೆ ಎಂದು ಪ್ರಾಯಶಃ ಕೇಳುವಳು; ಇನ್ನೊಂದು ಸಾರಿ ಹೋಗುವಳು. ಹಣವು ಬಂತೋ ಇಲ್ಲವೋ ಎಂಬದನ್ನು ಅಜ್ಜಿಯೇ ಹೇಳಬಲ್ಲಳು. ಆ ಮೆಟ್ಟಲಿನ ಮೇಲೆ ಕಾದ ಹೊತ್ತು ಯಾವ ಫೋಟೋದಲ್ಲಿಯೂ ಕಾಣಿಸುವದಿಲ್ಲ. ಸೇವೆಯ ಗಂಟೆಗಳನ್ನು ಬರೆದಿಡುವ ಉಪಾಧ್ಯಾಯರು ಅದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ನಾವು ಕೇಳಿಕೊಳ್ಳುತ್ತೇವೆ.